ಅಂಕ ಗಳಿಸಿದ ಸೈಕಲ್ಲು, ಬಾಳಿದ ಸೈಕಲ್ಲು

ಕಳೆದ ವರ್ಷ ಮೂರು ತಿಂಗಳ ಮಟ್ಟಿಗೆ ಮಗಳ ಮನೆಯಲ್ಲಿರಲೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ ಹೋಗಿದ್ದೆ. ಮನೆಯವರೆಲ್ಲ ಕೆಲಸಕ್ಕೆ ಹೊರಟ ಮೇಲೆ ನನಗಿದ್ದ ಆಶ್ರಯ ಎರಡೇ: ಊರಿನ ಸಾರ್ವಜನಿಕ ಗ್ರಂಥಾಲಯ ಮತ್ತು ಅದರಿಂದ ಎರಡು ಬೀದಿ ಆಚೆಗೆ ಸ್ವಯಂಸೇವಕರು ನಡೆಸುತ್ತಿದ್ದ ಒಂದು ಸೈಕಲ್ ದುರಸ್ತಿ ಕಮ್ಮಟ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ಪತ್ರಿಕೆಯ 1970ರ ದಶಕದ ಸಂಚಿಕೆಗಳನ್ನು ಬೈಂಡು ಮಾಡಿಸಿ ಇಟ್ಟಿದ್ದರು. ಹತ್ತು ಗೇರಿನ ರಸ್ತೆ ಸೈಕಲ್ಲುಗಳನ್ನು ಪರೀಕ್ಷಿಸಿ, ಒಂದರ ಕೆಳಗೊಂದು ಪಟ್ಟಿ ಮಾಡಿ ತೀರ್ಪಿತ್ತ ಪುಟಗಳು ಅವುಗಳಲ್ಲಿದ್ದವು. ಕಮ್ಮಟದಲ್ಲಿ ಅದೇ ಕಾಲದ ಸೈಕಲ್ಲುಗಳು ಐವತ್ತು ದಾಟಿದ ಮುದುಕರಾಗಿ ಸೂರಿನ ಕೊಕ್ಕೆಗಳಿಗೆ ನೇತುಬಿದ್ದಿದ್ದವು. ಬೆಳಿಗ್ಗೆ ಅಂಕಪಟ್ಟಿಯನ್ನು ಓದುವುದು, ಮಧ್ಯಾಹ್ನ ಆ ತಲೆಮಾರಿನ ಸೈಕಲ್ಲುಗಳ ಈಗಿನ ಸ್ಥಿತಿಯನ್ನು ಕಣ್ಣಾರೆ ಕಾಣುವುದು ನನ್ನ ದಿನಚರಿಯಾಯಿತು. ಆ ಎರಡರ ನಡುವೆ ಕಂಡ ಅಂತರವನ್ನು ಬಳಗದ ಮುಂದಿಡುವುದೇ ಈ ಬರಹದ ಉದ್ದೇಶ.

ಮೊದಲಿಗೆ ಪತ್ರಿಕೆಗೆ ಸಲ್ಲಬೇಕಾದ ಗೌರವ ಸಲ್ಲಲಿ. 1936ರಲ್ಲಿ ಸ್ಥಾಪನೆಯಾದ ಕನ್ಸ್ಯೂಮರ್ಸ್ ಯೂನಿಯನ್ ಎಂಬ ಲಾಭರಹಿತ ಸಂಸ್ಥೆ ಹುಟ್ಟುಹಾಕಿದ ಪತ್ರಿಕೆ ಇದು. ಜಾಹೀರಾತನ್ನು ಸ್ವೀಕರಿಸುವುದಿಲ್ಲ. ಸಾಮಾನ್ಯ ಗಿರಾಕಿಯಂತೆ ಅಂಗಡಿಗೆ ಹೋಗಿ, ದುಡ್ಡು ತೆತ್ತು ತಂದ ವಸ್ತುವನ್ನು ಪರೀಕ್ಷೆಗೆ ಒಡ್ಡುತ್ತದೆ. ತನ್ನ ತೀರ್ಪನ್ನು ಕಂಪನಿಗಳು ಪ್ರಚಾರಕ್ಕೆ ಬಳಸಿಕೊಳ್ಳುವುದನ್ನೂ ಅದು ಆ ಕಾಲದಲ್ಲಿ ಒಪ್ಪುತ್ತಿರಲಿಲ್ಲ. ಅಣುಬಾಂಬ್ ಪರೀಕ್ಷೆಗಳ ದೂಳಿನಿಂದ ಹಸುವಿನ ಹಾಲಿಗೆ ಸೇರುತ್ತಿದ್ದ ಸ್ಟ್ರಾನ್ಷಿಯಂ-90 ಎಂಬ ವಿಕಿರಣ ವಸ್ತುವನ್ನು ಅಳೆದು, 1959ರಲ್ಲಿಯೇ ಜನರ ಮುಂದಿಟ್ಟ ಧೈರ್ಯ ಅದರದು. ಆದ್ದರಿಂದ ನಾನಿಲ್ಲಿ ಎತ್ತುವ ಆಕ್ಷೇಪ ಅಪ್ರಾಮಾಣಿಕರ ಮೇಲಿನದಲ್ಲ. ಪ್ರಾಮಾಣಿಕರು ಪ್ರಾಮಾಣಿಕವಾಗಿಯೇ ಕೇಳದೆ ಬಿಟ್ಟ ಪ್ರಶ್ನೆಗಳ ಕುರಿತಾದದ್ದು.

ಆ ಅಂಕಪಟ್ಟಿಗಳು ಹುಟ್ಟಿದ ಕಾಲವನ್ನು ನೆನಪಿಸಿಕೊಳ್ಳಬೇಕು. 1970ರ ಏಪ್ರಿಲ್ 22ರಂದು ಅಮೆರಿಕ ಮೊದಲ ಭೂಮಿ ದಿನವನ್ನು ಆಚರಿಸಿತು. ಆ ವರ್ಷ ಅಲ್ಲಿ ಸುಮಾರು 69 ಲಕ್ಷ ಸೈಕಲ್ಲುಗಳು ಮಾರಾಟವಾಗಿದ್ದವು. ಎರಡೇ ವರ್ಷಗಳಲ್ಲಿ, ಅಂದರೆ 1972ರಲ್ಲಿ, ಆ ಸಂಖ್ಯೆ 1 ಕೋಟಿ 39 ಲಕ್ಷಕ್ಕೇರಿ ಹೊಸ ಕಾರುಗಳ ಮಾರಾಟವನ್ನೇ ಹಿಂದಿಕ್ಕಿತು. ಅರಬ್ ರಾಷ್ಟ್ರಗಳು ತೈಲ ನಿರ್ಬಂಧ ಹೇರಿದ 1973ರಲ್ಲಿ ಅದು 1 ಕೋಟಿ 52 ಲಕ್ಷವನ್ನು ಮುಟ್ಟಿತು. ಅಲ್ಲಿಯವರೆಗೆ ಮಕ್ಕಳ ಆಟಿಕೆಯೆಂದೇ ಎಣಿಸಲಾಗಿದ್ದ ಸೈಕಲ್ಲನ್ನು ದೊಡ್ಡವರು ತಮಗಾಗಿ ಕೊಳ್ಳತೊಡಗಿದ್ದರು. ಬಾಗಿದ ಹ್ಯಾಂಡಲ್ಲು, ತೆಳ್ಳನೆಯ ಟೈರು, ಹತ್ತು ಗೇರು. ಅಂಗಡಿಯಲ್ಲಿ ಸಾಲಾಗಿ ನಿಂತ ಇಂಥ ಸೈಕಲ್ಲುಗಳಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು ಎಂದು ತಿಳಿಯದ ಲಕ್ಷಾಂತರ ಮಂದಿಗೆ ಪತ್ರಿಕೆಯ ಪಟ್ಟಿ ಕೈದೀಪವಾಯಿತು.

ಪಟ್ಟಿ ಅಳೆದದ್ದು ಅಳೆಯಲು ಬರುವಂಥವುಗಳನ್ನು: ಬೆಲೆ, ತೂಕ, ಬ್ರೇಕಿನ ಹಿಡಿತ, ಗೇರು ಬದಲಾಗುವ ಸಲೀಸು. ಇದರಿಂದ ಆದ ಉಪಕಾರ ಚಿಕ್ಕದಲ್ಲ. ಅಂದಿನ ಅಗ್ಗದ ರಸ್ತೆ ಸೈಕಲ್ಲುಗಳಿಗೆ ಕ್ರೋಮಿಯಂ ಲೇಪನದ ಉಕ್ಕಿನ ರಿಮ್ಮುಗಳಿರುತ್ತಿದ್ದವು. ನೀರು ತಾಗಿದ ಉಕ್ಕಿನ ಮೇಲೆ ರಬ್ಬರು ಜಾರುತ್ತದೆ. ಒಣ ರಸ್ತೆಯಲ್ಲಿ ಕೆಲವೇ ಅಡಿಗಳಲ್ಲಿ ನಿಲ್ಲುವ ಸೈಕಲ್ಲು ಮಳೆಯಲ್ಲಿ ಅದರ ಹಲವು ಪಟ್ಟು ದೂರ ಓಡುತ್ತದೆ. ಆಗುಂಬೆಯ ಮಳೆಯಲ್ಲಿ ಇಳಿಜಾರು ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯಾಂಡಲಿನ ಮೇಲ್ಭಾಗದಿಂದಲೇ ಒತ್ತಲು ಅನುಕೂಲವಾಗಲೆಂದು ಜೋಡಿಸುತ್ತಿದ್ದ ಹೆಚ್ಚುವರಿ ಬ್ರೇಕ್ ಹಿಡಿಗಳೂ ಅಂಥವೇ. ನೋಡಲು ಸುರಕ್ಷಿತ, ಎಳೆದರೆ ಪೂರ್ತಿ ಹಿಡಿಯದವು. 1976ರಲ್ಲಿ ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗದ ಸೈಕಲ್ ನಿಯಮಗಳು ಜಾರಿಗೆ ಬಂದಾಗ ಬ್ರೇಕಿನ ಪರೀಕ್ಷೆಗೆ ಅವುಗಳಲ್ಲಿ ಮುಖ್ಯ ಸ್ಥಾನ ದೊರೆಯಿತು.

ಅಳತೆಗೋಲಿಗೆ ಇನ್ನೊಂದು ಗುಣವಿದೆ, ಅದು ಹೆಸರಿಗೆ ಹೆದರುವುದಿಲ್ಲ. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್ ಎಂಬ ಸಾಧನಕ್ಕೆ ಯುರೋಪಿನ ಹೆಸರುಗಳೇ ಶ್ರೇಷ್ಠವೆಂಬ ನಂಬಿಕೆ ಅಂದು ಬಲವಾಗಿತ್ತು. ಜಪಾನಿನ ಸನ್‌ಟೂರ್ ಕಂಪನಿ 1964ರಲ್ಲಿಯೇ ಓರೆಯಾಗಿ ಚಲಿಸುವ ತೋಳಿನ ಡಿರೇಲರನ್ನು ರೂಪಿಸಿತ್ತು. ಅಗ್ಗದ ಆ ಸಾಧನ ಎಷ್ಟೋ ಪಾಲು ದುಬಾರಿಯ ಯುರೋಪಿನ ಸಾಧನಗಳಿಗಿಂತ ಸಲೀಸಾಗಿ ಗೇರು ಬದಲಿಸುತ್ತಿತ್ತು. 1980ರ ದಶಕದ ನಡುವಿನಲ್ಲಿ ಅದರ ಪೇಟೆಂಟ್ ಮುಗಿದದ್ದೇ ತಡ, ಪ್ರತಿಸ್ಪರ್ಧಿಗಳೆಲ್ಲ ಅದೇ ವಿನ್ಯಾಸವನ್ನು ಅನುಸರಿಸಿದರು. ಹೆಸರನ್ನು ಬದಿಗಿಟ್ಟು ಅಳೆಯುವವರು ಇಲ್ಲದಿದ್ದರೆ ಕೊಳ್ಳುವವರು ಇಂಥ ಸತ್ಯವನ್ನು ತಿಳಿಯುವ ಬಗೆಯಾದರೂ ಹೇಗೆ?

ಇಷ್ಟಾಗಿಯೂ ಮಧ್ಯಾಹ್ನ ಕಮ್ಮಟಕ್ಕೆ ಹೋದಾಗ ಬೆಳಗಿನ ಪಟ್ಟಿ ನನಗೆ ಅಪೂರ್ಣವೆನಿಸುತ್ತಿತ್ತು.

ಅಲ್ಲಿ ಹೆಚ್ಚಾಗಿ ಕಾಣಸಿಗುತ್ತಿದ್ದದ್ದು ಷಿಕಾಗೊ ನಗರದ ಶ್ವಿನ್ ಕಾರ್ಖಾನೆಯ ‘ವಾರ್ಸಿಟಿ’. ಸುಮಾರು ಹದಿನೆಂಟು ಕಿಲೋ ಭಾರದ ಉಕ್ಕಿನ ಮುದ್ದೆ. ಹಗುರ ಸೈಕಲ್ಲುಗಳ ಅಭಿಮಾನಿಗಳು ಅಂದು ಅದನ್ನು ಲೇವಡಿ ಮಾಡುತ್ತಿದ್ದರು. ತೂಕದ ಅಂಕಣದಲ್ಲಿ ಅದು ಗೆಲ್ಲುವಂತೆಯೇ ಇರಲಿಲ್ಲ. ಅದರ ಪಕ್ಕದಲ್ಲಿ ಫ್ರಾನ್ಸಿನ ಪೂಜೊ ಕಂಪನಿಯ ‘ಯು.ಓ.-8’. ನಾಲ್ಕೈದು ಕಿಲೋ ಹಗುರ. ಓಡಿಸಲು ಹಿತ, ನೋಡಲು ಸೊಗಸು. ಹೊಸದಾಗಿದ್ದ ದಿನ ಎರಡರಲ್ಲಿ ಒಂದನ್ನು ಆರಿಸು ಎಂದಿದ್ದರೆ ನಾನೂ ಎರಡನೆಯದನ್ನೇ ಆರಿಸುತ್ತಿದ್ದೆ. ಆದರೆ ಐವತ್ತು ವರ್ಷಗಳ ಬಳಿಕ ಸ್ಪ್ಯಾನರ್ ಹಿಡಿದು ನಿಂತವರ ಮುಂದೆ ಇವೆರಡರ ಲೆಕ್ಕ ಬೇರೆಯೇ ಆಗುತ್ತದೆ.

ಫ್ರೆಂಚ್ ಸೈಕಲ್ಲಿನ ಡಿರೇಲರಿನಲ್ಲಿ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಇರುತ್ತಿತ್ತು. ಅದು ಹೊಸತಿದ್ದಾಗ ಹಗುರ. ವರುಷಗಳು ಉರುಳಿದಂತೆ ಬಿರುಕು ಬಿಡುವಂಥದು. ಅದನ್ನು ಹೇಗೋ ಬದಲಿಸಬಹುದು. ಪೆಡಲಿನ ಅಚ್ಚು ತಿರುಗುವ ಬಿ.ಬಿ. ಕಪ್ಪಿನದು ಇನ್ನೂ ದೊಡ್ಡ ತೊಡಕು. ಫ್ರೆಂಚ್ ಕಪ್ಪಿನ ವ್ಯಾಸ 35 ಮಿಲಿಮೀಟರ್; ಇಂಗ್ಲಿಷ್ ಅಳತೆಯ ಕಪ್ಪು 1.37 ಇಂಚು, ಅಂದರೆ 34.8 ಮಿಲಿಮೀಟರ್. ಕೂದಲೆಳೆಯ ಅಂತರ. ಮರೆಯ ಸುತ್ತುಗಳ ಅಳತೆಯೂ ಬೇರೆ. ಒಂದರ ಕಪ್ಪು ಇನ್ನೊಂದಕ್ಕೆ ಕೂರುವುದಿಲ್ಲ. ಲೋಕದ ಬಹುಭಾಗ ಇಂಗ್ಲಿಷ್ ಅಳತೆಯನ್ನು ಒಪ್ಪಿಕೊಂಡ ಮೇಲೆ ಫ್ರೆಂಚ್ ಅಳತೆಯ ಬಿಡಿಭಾಗ ದುರ್ಲಭವಾಯಿತು. ಇನ್ನು ‘ವಾರ್ಸಿಟಿ’ಯಲ್ಲಿ ಮರೆಯ ಗೋಜೇ ಇಲ್ಲ, ಕ್ರ್ಯಾಂಕು ಒಂದೇ ಉಕ್ಕಿನ ತುಂಡು, ಕಪ್ಪನ್ನು ಬಡಿದು ಕೂರಿಸಿದರೆ ಮುಗಿಯಿತು. ಮಕ್ಕಳ ಸೈಕಲ್ಲಿಗೂ ಅದೇ ಭಾಗ ಬಳಕೆಯಲ್ಲಿದ್ದುದರಿಂದ ಸಿಗದೆಂಬ ಭಯವಿಲ್ಲ. ಜಪಾನಿನ ಅಂದಿನ ಸೈಕಲ್ಲುಗಳೂ ಇಂಗ್ಲಿಷ್ ಅಳತೆಗೆ ಹೊಂದುವಂಥವಾದ್ದರಿಂದ ಕಮ್ಮಟದವರಿಗೆ ಅಚ್ಚುಮೆಚ್ಚು.

ಬಾಳುವಿಕೆಯನ್ನು ನಿರ್ಧರಿಸಿದ್ದು ತೂಕವಲ್ಲ, ವೇಗವಲ್ಲ, ಮರೆಯ ಅಳತೆ! ಹೊಸ ಸೈಕಲ್ಲನ್ನು ಕೆಲವು ವಾರ ಓಡಿಸಿ ನೋಡುವ ಪ್ರಯೋಗಾಲಯಕ್ಕೆ ಇದು ಗೋಚರಿಸುವ ಬಗೆಯಿಲ್ಲ. ಸವೆದದ್ದನ್ನು ಬಿಚ್ಚಿದವನಿಗೆ ಮಾತ್ರ ಗೊತ್ತಾಗುವ ಸಂಗತಿಯಿದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಕಮ್ಮಟದಲ್ಲಿ ಒಂದು ಸಂಜೆ, ಈ ಭಾರದ ಸೈಕಲ್ಲುಗಳು ಇಷ್ಟೊಂದು ಉಳಿದಿವೆಯೆಂದರೆ ಎಷ್ಟು ಗಟ್ಟಿಯಿರಬೇಕು ಎಂದು ನಾನು ಮೆಚ್ಚುಗೆಯಿಂದ ಹೇಳಿದೆ. ಅಲ್ಲಿನ ಹಿರಿಯ ಸ್ವಯಂಸೇವಕರು ನಕ್ಕು, ಒಂದರ ಟೈರನ್ನು ತೋರಿಸಿದರು. ಕಾರ್ಖಾನೆಯಿಂದ ಬಂದಾಗಿನ ಟೈರು. ಒಣಗಿ ಸೀಳಿತ್ತು, ಆದರೆ ಸವೆದಿರಲಿಲ್ಲ. “ಇದು ಗಟ್ಟಿಯಿದ್ದು ಉಳಿದದ್ದಲ್ಲ ಸ್ವಾಮಿ, ಯಾರೂ ಹತ್ತದೆ ಉಳಿದದ್ದು” ಎಂಬರ್ಥದ ಮಾತನ್ನು ಅವರು ಹೇಳಿದರು. ನಾನು ಪೆಚ್ಚಾದೆ. 1973ರಲ್ಲಿ 1 ಕೋಟಿ 52 ಲಕ್ಷ ಮುಟ್ಟಿದ್ದ ಮಾರಾಟ 1975ರಲ್ಲಿ ಸುಮಾರು 73 ಲಕ್ಷಕ್ಕೆ ಕುಸಿದಿತ್ತು ಎಂಬುದನ್ನು ಅದೇ ಬೆಳಿಗ್ಗೆ ಓದಿದ್ದೆ. ಕೊಂಡ ಸೈಕಲ್ಲುಗಳಲ್ಲಿ ಎಷ್ಟೋ, ಕಾರಿನ ಪಕ್ಕದಲ್ಲೇ ಗೋಡೆಗೆ ಒರಗಿ ದೂಳು ತಿಂದವು. ಹತ್ತದ ಸೈಕಲ್ಲು ಒಂದು ಹನಿ ಪೆಟ್ರೋಲನ್ನೂ ಉಳಿಸುವುದಿಲ್ಲ. ಅಂಕಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದುದಾದರೂ ಅಷ್ಟೇ, ಕೊನೆಯದಾದರೂ ಅಷ್ಟೇ.

ನನ್ನ ವಾದದ ತಿರುಳು ಇದು. ಗ್ರಾಹಕ ಪತ್ರಿಕೆಯ ಪ್ರಶ್ನೆಗಳು ಅಂಗಡಿಯ ಬಾಗಿಲಲ್ಲಿ ಆರಂಭವಾಗಿ ಗಲ್ಲಾಪೆಟ್ಟಿಗೆಯ ಬಳಿ ಮುಗಿಯುತ್ತವೆ. ಯಾವುದನ್ನು ಕೊಳ್ಳಲಿ ಎಂಬುದಕ್ಕೆ ಅಲ್ಲಿ ಉತ್ತರವಿದೆ. ಕೊಳ್ಳಬೇಕೇ, ಕೊಂಡದ್ದನ್ನು ಬಳಸುತ್ತೇನೆಯೇ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂಬ ಪ್ರಶ್ನೆಗಳು ಪಟ್ಟಿಯ ಹೊರಗುಳಿಯುತ್ತವೆ. ಪರಿಸರದ ದೃಷ್ಟಿಯಿಂದ ಮೌಲ್ಯಮಾಪನ ಮೊದಲಾಗಬೇಕಾದದ್ದೇ ಅಲ್ಲಿಂದ. ಗಣಿಯಿಂದ ಅದಿರು ತೆಗೆದು, ಕುಲುಮೆಯಲ್ಲಿ ಕರಗಿಸಿ, ಹಡಗಿನಲ್ಲಿ ಸಾಗಿಸಿದ ಭಾರವೆಲ್ಲ ಸೈಕಲ್ಲಿನ ಮೊದಲ ದಿನದ ಲೆಕ್ಕಕ್ಕೆ ಬಂದುಬಿಟ್ಟಿರುತ್ತದೆ. ಆ ಸಾಲ ತೀರುವುದು ಅದು ಓಡಿದ ವರ್ಷಗಳಿಂದ.

ಇದು ಮಾಡಲಾಗದ ಕೆಲಸವೇನೂ ಅಲ್ಲ. ಕಾರುಗಳ ವಿಷಯದಲ್ಲಿ ಇದೇ ಪತ್ರಿಕೆ ತನ್ನ ಓದುಗರಿಗೇ ಪ್ರಶ್ನಾವಳಿ ಕಳಿಸಿ, ಯಾವ ವರ್ಷದ ಯಾವ ಕಾರು ಎಷ್ಟು ಸಲ ದುರಸ್ತಿಗೆ ಹೋಯಿತೆಂದು ದಶಕಗಳ ಕಾಲ ದಾಖಲಿಸಿದೆ. ಮಾಲೀಕನ ಅನುಭವಕ್ಕೆ ಪ್ರಯೋಗಾಲಯದಷ್ಟೇ ಬೆಲೆಯಿದೆ ಎಂಬುದನ್ನು ಅದು ಬಲ್ಲದು. ಫ್ರಾನ್ಸ್ 2021ರ ಜನವರಿಯಿಂದ ಮೊಬೈಲು, ಲ್ಯಾಪ್‌ಟಾಪು, ಟೀವಿ, ಬಟ್ಟೆ ತೊಳೆಯುವ ಯಂತ್ರ ಮುಂತಾದವುಗಳ ಮೇಲೆ ‘ದುರಸ್ತಿ ಅಂಕ’ವನ್ನು ನಮೂದಿಸುವುದನ್ನು ಕಡ್ಡಾಯ ಮಾಡಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಅದರ ಬೆಲೆಯೆಷ್ಟು ಎಂಬುದಕ್ಕೆ ಅಲ್ಲಿ ಅಂಕ. ಭಾರತ ಸರ್ಕಾರವೂ 2022ರಲ್ಲಿ ‘ದುರಸ್ತಿಯ ಹಕ್ಕಿ’ನ ಕುರಿತು ಸಮಿತಿಯೊಂದನ್ನು ನೇಮಿಸಿತು. ನಮ್ಮ ಫ್ರಿಜ್ಜು, ಪಂಪುಸೆಟ್ಟುಗಳ ಮೇಲೆ ಅಂಟಿಸುವ ನಕ್ಷತ್ರಗಳಾದರೋ ವಿದ್ಯುತ್ತಿನ ಮಿತವ್ಯಯವನ್ನಷ್ಟೇ ಹೇಳುತ್ತವೆ. ಐದು ನಕ್ಷತ್ರದ ಪೆಟ್ಟಿಗೆ ಐದನೆಯ ವರ್ಷ ಗುಜರಿಗೆ ಹೋದರೆ ಆ ನಷ್ಟವನ್ನು ಅವು ಎಣಿಸುವುದಿಲ್ಲ.

ನಮ್ಮ ಕರಿ ಸೈಕಲ್ಲಿನ ಮಾತು ಆಡದೆ ಮುಗಿಸಲಾರೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ರ‍್ಯಾಲಿ ಕಂಪನಿ ತಯಾರಿಸುತ್ತಿದ್ದ ‘ಟೂರಿಸ್ಟ್’ ಎಂಬ ಸೈಕಲ್ಲಿಗೆ 28 ಇಂಚಿನ, ಒಂದೂವರೆ ಇಂಚು ಅಗಲದ ಟೈರು. ನಮ್ಮ ಕರಿ ಸೈಕಲ್ಲಿನದೂ ಅದೇ ಅಳತೆ. ಕಮ್ಮಟದ ಮೂಲೆಯಲ್ಲಿದ್ದ ಒಂದು ಹಳೆಯ ‘ಟೂರಿಸ್ಟ್’ಗೆ ತೊಡಿಸಿದ್ದ ಟೈರಿನ ಬದಿಯನ್ನು ಬಗ್ಗಿ ಓದಿದೆ: ಭಾರತದಲ್ಲಿ ತಯಾರಾದದ್ದು. ನಾವು ಆ ಅಳತೆಯನ್ನು ಕೈಬಿಡದೆ ಉಳಿಸಿಕೊಂಡದ್ದರಿಂದ ಸಾವಿರಾರು ಮೈಲಿ ಆಚೆಯ ಮುದಿ ಸೈಕಲ್ಲೊಂದು ಓಡುತ್ತಿತ್ತು. ಹೀರೋ, ಅಟ್ಲಾಸ್, ಹರ್ಕ್ಯುಲಿಸ್ ಎಂಬ ಭೇದವಿಲ್ಲದೆ ಒಂದರ ಕಾಟರ್ ಪಿನ್ನು, ಕಡ್ಡಿ, ಕಪ್ಪು ಬಹುಮಟ್ಟಿಗೆ ಇನ್ನೊಂದಕ್ಕೆ ಕೂರುವ ವ್ಯವಸ್ಥೆಯನ್ನು ನಾವು ಹಳತೆಂದು ಜರೆಯುತ್ತ ಬಂದಿದ್ದೇವೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು ಬಾಗಿಲು ಮುಚ್ಚಿತು. ಅಂದೇ ವಿಶ್ವ ಸೈಕಲ್ ದಿನ!

ನಮ್ಮ ಪೇಟೆಯ ಬಸ್ ನಿಲ್ದಾಣದ ಹಿಂದಿನ ಸೈಕಲ್ ಅಂಗಡಿಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಕಲಿಯಲು ಬರುವ ಹುಡುಗರಿಲ್ಲ. ಯಾವ ಫ್ರೀವ್ಹೀಲು ಎಷ್ಟು ಮಳೆಗಾಲ ತಡೆಯುತ್ತದೆ, ಯಾವ ಹೊಸ ಮಾದರಿಯ ಬಿಡಿಭಾಗ ಎರಡೇ ವರ್ಷಕ್ಕೆ ಸಿಗದಾಗುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಯಾವ ಪಟ್ಟಿಯಲ್ಲೂ ಇಲ್ಲ. ಅವರೊಂದಿಗೇ ಅದು ಹೊರಟುಹೋದರೆ ನಾವು ಕೇವಲ ಜಾಹೀರಾತನ್ನು ನಂಬಿ ಕೊಳ್ಳುವವರಾಗುತ್ತೇವೆ.

ಆದ್ದರಿಂದ ಬಳಗಕ್ಕೆ ನನ್ನದೊಂದು ವಿನಂತಿ. ನಮ್ಮ ಸುತ್ತಿನ ಸೈಕಲ್ಲು, ಪಂಪು, ಹೊಲಿಗೆ ಯಂತ್ರ, ಮಿಕ್ಸಿಗಳ ದುರಸ್ತಿ ಮಾಡುವವರ ಬಳಿ ಕುಳಿತು, ಏನು ಕೆಡುತ್ತದೆ, ಏಕೆ ಕೆಡುತ್ತದೆ, ಏನು ಬಾಳುತ್ತದೆ ಎಂಬುದನ್ನು ಬರೆದಿಡೋಣ. ಈ ಪತ್ರಿಕೆಯ ಒಂದು ಪುಟವನ್ನು ಅದಕ್ಕೆಂದೇ ಮೀಸಲಿಡೋಣ. ಅಂಗಡಿಗೆ ಹೊರಡುವ ಮುನ್ನ ಓದಬೇಕಾದ ಪಟ್ಟಿ ಅದು. ಮೊದಲ ಕಂತನ್ನು ಬರೆದುಕೊಡಲು ನಾನು ಸಿದ್ಧನಿದ್ದೇನೆ. ಬಸ್ ನಿಲ್ದಾಣದ ಹಿಂದಿನ ಯಜಮಾನರು ಮಂಗಳವಾರ ಮಧ್ಯಾಹ್ನ ಬಿಡುವಾಗಿರುತ್ತೇನೆ, ಬನ್ನಿ ಎಂದಿದ್ದಾರೆ.