ಶೂನ್ಯ ಬಿಲ್ಲು ಮತ್ತು ಬಾಡಿಗೆ ಮನೆಯ ತಾರಸಿ

ಬೆಂಗಳೂರು: ಗೃಹಜ್ಯೋತಿ ಯೋಜನೆ 2023ರ ಜುಲೈಯಲ್ಲಿ ಜಾರಿಯಾದಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳ ಬಾಡಿಗೆದಾರರಿಗೂ ಅದರ ಪ್ರಯೋಜನ ದೊರೆಯಿತು. ಊರಿನಿಂದ ದುಡಿಮೆಗೆ ಹೋದ ನಮ್ಮವರೂ ಇವರಲ್ಲಿದ್ದಾರೆ. ಆದರೆ 200 ಯೂನಿಟ್ ಎಲ್ಲರಿಗೂ ಉಚಿತವಲ್ಲ. 2023ರಲ್ಲಿ ಯೋಜನೆ ಆರಂಭವಾದಾಗ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ ಉಚಿತವಾಗಿತ್ತು. ಹಳೆಯ ದಾಖಲೆಯಿಲ್ಲದ ಹೊಸ ಮನೆಗಳಿಗೆ ನಿಗದಿಯಾದದ್ದು 58 ಯೂನಿಟ್. 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

2 ಕಿಲೋವ್ಯಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. ಅಂದರೆ 58ರಲ್ಲಿ ಅರ್ಧಕ್ಕಿಂತ ಹೆಚ್ಚು. ಸೋಲಾರ್ ವಾಟರ್ ಹೀಟರ್ ಇದನ್ನು ಬಹುಪಾಲು ಉಳಿಸಬಲ್ಲದು. ಸಮಸ್ಯೆ ಇರುವುದು ಇಲ್ಲಿಯೇ: ತಾರಸಿ ಮಾಲೀಕರದ್ದು, ಬಿಲ್ಲು ಬಾಡಿಗೆದಾರರದ್ದು. ಖರ್ಚು ಮಾಡುವವರಿಗೆ ಉಳಿತಾಯವಿಲ್ಲ. ಮೇಲಂತಸ್ತಿನ ಸೆಕೆ ತಗ್ಗಿಸಲು ತಾರಸಿಗೆ ಬಿಳಿ ಬಣ್ಣ ಬಳಿಯಲೂ ಅವರ ಒಪ್ಪಿಗೆ ಬೇಕು.

ಬಾಡಿಗೆದಾರರ ಕೈಯಲ್ಲಿರುವುದು ಫ್ಯಾನು, ದೀಪ. 75 ವ್ಯಾಟ್‌ನ ಹಳೆಯ ಫ್ಯಾನಿನ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 13.5 ಯೂನಿಟ್ ಉಳಿಯುತ್ತದೆ. ಮನೆ ಬದಲಿಸುವಾಗ ಅದನ್ನು ಕೊಂಡೊಯ್ಯಲೂಬಹುದು.

ಮನೆ ಹುಡುಕುವಾಗ ನೀರು, ಅಡ್ವಾನ್ಸ್ ವಿಚಾರಿಸುವಂತೆ ತಾರಸಿಯಲ್ಲಿ ಸೋಲಾರ್ ಇದೆಯೇ ಎಂದೂ ಕೇಳಬೇಕು. ಕೇಳುವವರು ಹೆಚ್ಚಾದರೆ ಮಾಲೀಕರೂ ಯೋಚಿಸುತ್ತಾರೆ.