ಸೂರ್ಯನ ನೆರೆಗೂ ಬೇಕು ಡಂಗುರ

ಕಬಿನಿ ಡ್ಯಾಂನಿಂದ ಹೆಚ್ಚು ನೀರು ಬಿಟ್ಟರೆ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗುತ್ತದೆ. ಆಮೇಲೆ ಅದೇ ನೀರು ತಿ. ನರಸೀಪುರದ ಸಂಗಮಕ್ಕೆ. ಮುಂಚೆ ತಿಳಿದರೆ ದಡದವರು ದನಕರು, ಪಾತ್ರೆಪಗಡ ಸಾಗಿಸಿಕೊಳ್ಳುತ್ತಾರೆ.

ಸೂರ್ಯನ ಕಥೆಯೂ ಹೀಗೇ. ಅವನಿಂದ ವಿದ್ಯುತ್ ತುಂಬಿದ ಕಣಗಳ ಹೊಳೆ ಹಗಲೂ ರಾತ್ರಿ ಹರಿಯುತ್ತಲೇ ಇದೆ, ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ. ಇದೇ ಸೌರಮಾರುತ. ಒಮ್ಮೊಮ್ಮೆ ಅಲ್ಲೂ ಗೇಟು ತೆಗೆದಂತಾಗುತ್ತದೆ.

ನಮಗ್ಯಾಕೆ ಸ್ವಾಮಿ ಇದೆಲ್ಲ ಅಂತೀರಾ? 1989ರ ಮಾರ್ಚ್ 13ರಂದು ಇಂಥ ನೆರೆ ಬಡಿದು ಕೆನಡಾದ ಕ್ವಿಬೆಕ್ ಪ್ರಾಂತ್ಯದ 60 ಲಕ್ಷ ಜನ ಕತ್ತಲಲ್ಲಿ ಕೂತರು. ನಾವಿರುವುದು ಸಮಭಾಜಕದ ಹತ್ತಿರ, ಅಷ್ಟು ಭಯವಿಲ್ಲ, ನಿಜ. ಆದರೆ ಟಿವಿ, ಹವಾಮಾನ, ಲಾರಿಯವರ ಜಿಪಿಎಸ್ ಎಲ್ಲ ಉಪಗ್ರಹದಿಂದಲೇ. ಮೇಲಿರುವ ಉಪಗ್ರಹಕ್ಕೆ ಊರು ಕೇರಿ ಎಂಬುದಿಲ್ಲ.

ಈ ನೆರೆ ಅಳೆಯುವ ಯಂತ್ರ ನೋಡಬೇಕಾದರೆ ನಂಜನಗೂಡಿನ ಮೇಲೆ ಹೋಗುವ ಊಟಿ ಬಸ್ಸು ಹತ್ತಬೇಕು. ಊಟಿ ಪಕ್ಕದ ಮುತ್ತೊರೈಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಪ್ರೊ. ಗೋವಿಂದ ಸ್ವರೂಪ್ ಮತ್ತು ಸಂಗಡಿಗರು 1970ರಲ್ಲಿ ಕಟ್ಟಿ ಮುಗಿಸಿದ ರೇಡಿಯೋ ದೂರದರ್ಶಕ ಅದು. 530 ಮೀಟರ್ ಉದ್ದ, 30 ಮೀಟರ್ ಅಗಲ. ಬುದ್ಧಿ ಇರುವುದು ಜಾಗ ಆರಿಸಿದ್ದರಲ್ಲಿ. ಊಟಿಯ ಅಕ್ಷಾಂಶ ಸುಮಾರು 11 ಡಿಗ್ರಿ. ಉತ್ತರ-ದಕ್ಷಿಣವಾಗಿ ಅಷ್ಟೇ ಓರೆಯಿರುವ ಗುಡ್ಡ ಹುಡುಕಿ, 24 ಕಮಾನು ನಿಲ್ಲಿಸಿ, 1,100 ಸ್ಟೀಲ್ ತಂತಿ ಎಳೆದರು. ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ನಿಂತಿತು. ಒಂದೇ ದಿಕ್ಕಿಗೆ ಹೊರಳಿಸುತ್ತಾ ಹೋದರೆ ಆಕಾಶದ ಒಂದೇ ಬಿಂದುವನ್ನು ಒಂಬತ್ತೂವರೆ ಗಂಟೆ ಹಿಂಬಾಲಿಸಬಹುದು. ದುಬಾರಿ ಯಂತ್ರ ಮಾಡಬೇಕಾದ ಅರ್ಧ ಕೆಲಸ ಗುಡ್ಡವೇ ಮಾಡಿತು. ಕಾಸಿಲ್ಲದ ಕಾಲದ ಜಾಣತನ ಅಂದರೆ ಇದು!

ಮಾರುತವನ್ನು ಅದು ನೇರವಾಗಿ ನೋಡುವುದಿಲ್ಲ. ಬಲು ದೂರದ ಗೆಲಾಕ್ಸಿಗಳ ರೇಡಿಯೋ ಅಲೆ ಹಿಡಿಯುತ್ತದೆ. ನಡುವೆ ಮಾರುತ ಹಾದರೆ, ಕಪಿಲೆಯಲ್ಲಿ ದೀಪದ ಬಿಂಬ ನಡುಗುವ ಹಾಗೆ, ಅಲೆ ಮಿನುಗುತ್ತದೆ. ಆ ಮಿನುಗಿನ ಲೆಕ್ಕದಿಂದ ಮಾರುತದ ವೇಗ ಸಿಗುತ್ತದೆ.

2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಸಂತೋಷ. ಅದು ಸೂರ್ಯನ ಅಂಚನ್ನೂ ನೋಡುತ್ತದೆ, ಮಾರುತವನ್ನೂ ಮುಟ್ಟಿ ನೋಡುತ್ತದೆ. ಆದರೆ ಸೂರ್ಯನಿಂದ ಇಲ್ಲಿಗೆ 15 ಕೋಟಿ ಕಿ.ಮೀ.; ಆದಿತ್ಯ ನಿಂತಿರುವುದು ನಮ್ಮಿಂದ 15 ಲಕ್ಷ ಕಿ.ಮೀ. ಆಚೆ, ಹೊಸ್ತಿಲ ಮೇಲೆ. ಊಟಿಯ ತಂತಿಗಳು ನೆರೆಯನ್ನು ನಡುದಾರಿಯಲ್ಲೇ ಗುರುತಿಸಬಲ್ಲವು. ಹೊಸದು ಬಂತೆಂದು ಹಳೆಯದನ್ನು ಕಡೆಗಣಿಸುವುದು ಬೇಡ. ಮಾಮೂಲಿ ವೇಗದ ಮಾರುತ ಆದಿತ್ಯನನ್ನು ಮುಟ್ಟಿದ ಮೇಲೆ ನಮಗೆ ಉಳಿಯುವುದು ಸುಮಾರು ಒಂದು ಗಂಟೆ.