ವಕೀಲರ ರ‍್ಯಾಂಕ್ ಬರೋದು ಅರ್ಜಿಯಿಂದ

ಚೇಂಬರ್ಸ್, ಲೀಗಲ್ 500 ಥರದ ಡೈರೆಕ್ಟರಿಗಳು ಪ್ರತಿವರ್ಷ ವಕೀಲರ ಸಂಸ್ಥೆಗಳಿಗೆ ರ‍್ಯಾಂಕ್ ಕೊಡುತ್ತವೆ. ಅವರ ಸಂಶೋಧಕರು ಕೋರ್ಟ್ ಹಾಲ್‌ನಲ್ಲಿ ಕೂತು ವಾದ ಕೇಳಲ್ಲ. ಸಂಸ್ಥೆ ಕಳಿಸಿದ ಅರ್ಜಿ ಓದಿ, ಅದು ಹೆಸರಿಸಿದ ಕಕ್ಷಿದಾರರ ಅಭಿಪ್ರಾಯ ಕೇಳುತ್ತಾರೆ. ಅರ್ಜಿಗೆ ಶುಲ್ಕವಿಲ್ಲ, ನಿಜ. ಆದರೆ ಅದನ್ನು ಬರೆಯೋಕೆ ದೊಡ್ಡ ಸಂಸ್ಥೆಗಳಲ್ಲಿ ಪ್ರತ್ಯೇಕ ತಂಡವೇ ಇರುತ್ತೆ.

ಇತ್ತ ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮ ಜಾಹೀರಾತನ್ನು ನಿಷೇಧಿಸಿದೆ. ಮಾಗಡಿಯ ವಕೀಲರ ಬೋರ್ಡಿನ ಅಳತೆಗೂ ಮಿತಿಯಿದೆ. ಅದೇ ನಿಯಮದಡಿ ಇರುವ ಬೆಂಗಳೂರಿನ ಸಂಸ್ಥೆಗೆ ಮಾತ್ರ ರ‍್ಯಾಂಕ್ ಅನ್ನೋ ಬೋರ್ಡ್ ಸಿಗುತ್ತೆ.

2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅನ್ನೋ ಹೆಸರು ಬಂತು. ಆದರೆ ಡೈರೆಕ್ಟರಿಯ ವಿಭಾಗಗಳು ಬ್ಯಾಂಕಿಂಗ್, ತೆರಿಗೆ, ಕಂಪನಿ ವಿಲೀನದಂಥವು. ಕನಕಪುರದ ಪಾಲು ದಾವೆ, ಚನ್ನಪಟ್ಟಣದಲ್ಲಿ ಹೆದ್ದಾರಿಗೆ ಜಮೀನು ಬಿಟ್ಟ ರೈತರ ಪರಿಹಾರದ ಕೇಸು ಅಲ್ಲಿ ಲೆಕ್ಕಕ್ಕೇ ಬರಲ್ಲ.

ಹಾಗಂತ ಅರ್ಜಿ ಬರೆಯುವ ಶಿಸ್ತನ್ನು ನಾನು ತಳ್ಳಿಹಾಕಲ್ಲ. ಒಳ್ಳೆಯ ಅರ್ಜಿ ಮೂರು ಪ್ರಶ್ನೆಗೆ ಉತ್ತರಿಸುತ್ತೆ: ಕೇಸಿನಲ್ಲಿ ಕಷ್ಟ ಏನಿತ್ತು, ವಕೀಲರು ಏನು ಮಾಡಿದರು, ಕಕ್ಷಿದಾರರಿಗೆ ಏನು ಸಿಕ್ಕಿತು? ನಮ್ಮ ಯುವ ವಕೀಲರು ಪ್ರತಿ ಫೈಲಿಗೂ ಇದನ್ನು ಒಂದು ಪುಟ ಬರೆದಿಡಲಿ. ಡೈರೆಕ್ಟರಿ ಕೇಳದಿದ್ದರೂ, ಜಮೀನು ಕಳ್ಕೊಂಡವರು ಕೇಳ್ತಾರೆ.